ಹಾಲು ಬೆರೆತ ಕಾಫಿಗೆ ಒಂದು ಗೆರೆ

ನನ್ನ ಚಿಕ್ಕಮ್ಮ ಲಾಂಡ್ರಿಯಲ್ಲಿ ಕಲೆ ತೆಗೆಯುವವಳು. ಇಪ್ಪತ್ತೆಂಟು ವರ್ಷ ತೊಟ್ಟಿಯ ಮುಂದೆ ನಿಂತು ಮಂಡಿ ಸವೆಸಿಕೊಂಡವಳು. ಅದೇ ಲಾಂಡ್ರಿಯ ಕೌಂಟರಿನಲ್ಲಿ ಬಟ್ಟೆ ತೆಗೆದುಕೊಳ್ಳುವ ಕೆಲಸ ನನ್ನದು. ಹಾಗಾಗಿ ಅವಳ ಬೈಗುಳದಲ್ಲಿ ಮೊದಲ ಪಾಲು ಯಾವಾಗಲೂ ನನಗೇ.

ಹೋದ ವರ್ಷ ಮಾಲೀಕರು ಇನ್ನೂ ಮೂರು ಅಂಗಡಿ ತೆರೆದರು. ಅಲ್ಲಿನ ಹೊಸಬರಿಗೆ ಚಿಕ್ಕಮ್ಮನ ವಿದ್ಯೆ ಕಂಪ್ಯೂಟರಿನಲ್ಲೇ ಸಿಗಲಿ ಎಂದು ಒಬ್ಬ ಇಂಜಿನಿಯರ್ ಹುಡುಗಿಯನ್ನು ಕರೆಸಿದರು. ಅವಳು ಮಾಡುತ್ತಿದ್ದುದು ನಾಲೆಜ್ ಗ್ರಾಫ್: ಒಂದೊಂದು ವಿಷಯಕ್ಕೂ ಒಂದು ಚೌಕ, ಚೌಕಗಳ ನಡುವೆ ಗೆರೆ, ಗೆರೆಯ ಮೇಲೆ ಸಂಬಂಧದ ಹೆಸರು. ಚಿಕ್ಕಮ್ಮ ಅದಕ್ಕೆ ಜೇಡರ ಬಲೆ ಎಂದು ಹೆಸರಿಟ್ಟಳು. ಅದು ಸರಿಹೋದರೆ ಅವಳಿಗೆ ಕೂತು ಕಲಿಸುವ ಕೆಲಸ ಕೊಡುವುದಾಗಿ ಮಾಲೀಕರು ಮಾತು ಕೊಟ್ಟಿದ್ದರು. ಇಲ್ಲದಿದ್ದರೆ ಮತ್ತೆ ತೊಟ್ಟಿಯೇ ಗತಿ. ಆ ಕೆಲಸದ ಮೇಲೆ ಅವಳಿಗೆಷ್ಟು ಆಸೆ ಎಂದು ನನಗೆ ಗೊತ್ತು. ಮನೆಯ ಮೆಟ್ಟಿಲು ಹತ್ತುವಾಗ ಅವಳು ಭಾರ ಬಿಡುವುದು ನನ್ನ ಭುಜದ ಮೇಲೆ ತಾನೇ.

ಮೊದಲ ದಿನವೇ ಜಗಳ. ಹುಡುಗಿ ರಕ್ತದಿಂದ ತಣ್ಣೀರಿಗೆ, ಮೊಟ್ಟೆಯಿಂದ ತಣ್ಣೀರಿಗೆ, ಹಾಲಿನಿಂದ ತಣ್ಣೀರಿಗೆ ಒಂದೊಂದೇ ಗೆರೆ ಎಳೆಯುತ್ತಿದ್ದಳು.

“ಹೀಗೆ ಎಳೀತಾ ಕೂತ್ರೆ ನಿನ್ನ ಕೂದ್ಲೂ ನನ್ನ ಹಾಗೇ ಬೆಳ್ಳಗಾಗುತ್ತೆ ಮಗಳೇ,” ಎಂದಳು ಚಿಕ್ಕಮ್ಮ. “ಮೂರಕ್ಕೂ ಕಾರಣ ಒಂದೇ. ಬಿಸಿ ತಾಗಿದ್ರೆ ಗಟ್ಟಿಯಾಗಿ ನೂಲಿಗೆ ಕಚ್ಕೊಳ್ಳುತ್ತೆ. ಮಧ್ಯದಲ್ಲಿ ಆ ಕಾರಣಕ್ಕೇ ಒಂದು ಚೌಕ ಹಾಕು. ಮೂರನ್ನೂ ಅದಕ್ಕೆ ಕಟ್ಟು, ಅದನ್ನ ತಣ್ಣೀರಿಗೆ ಕಟ್ಟು. ನಾಳೆ ನಾಲ್ಕನೇದು ಬಂದ್ರೂ ಅಲ್ಲಿಗೇ ಸೇರಿಸ್ಬಹುದು.”

ಹುಡುಗಿ ಎಳೆದ ಗೆರೆಗಳನ್ನು ಅಳಿಸುತ್ತಾ, “ಅಮ್ಮಾ, ಕಾಲೇಜಲ್ಲಿ ನಮ್ಗೆ ಇದನ್ನ ಒಂದು ವರ್ಷ ಹೇಳ್ಕೊಟ್ರು, ನೀವು ಒಂದೇ ಮಾತಲ್ಲಿ ಹೇಳ್ಬಿಟ್ರಿ,” ಎಂದಳು. ಆಮೇಲೆ ಎರಡು ದಿನ ಚಿಕ್ಕಮ್ಮನನ್ನು ಮನೆಯಲ್ಲಿ ಹಿಡಿಯುವವರಿರಲಿಲ್ಲ.

ಜೇಡರ ಬಲೆಯ ಪರೀಕ್ಷೆಯ ದಿನ ಮಾಲೀಕರು ತಮ್ಮದೇ ಬಿಳಿ ಹತ್ತಿ ಕೋಟು ತಂದರು. ಎದೆಯ ಮೇಲೆ ಹಾಲು ಹಾಕಿದ ಕಾಫಿ ಚೆಲ್ಲಿತ್ತು. ಹುಡುಗಿ ಕಂಪ್ಯೂಟರನ್ನು ಕೇಳಿದಳು. ಉತ್ತರ ಬಂತು: ಬಿಸಿನೀರು. ಮಾಲೀಕರು “ಭೇಷ್” ಎಂದು ಕೋಟನ್ನು ನನ್ನ ಕೈಗೆ ಕೊಟ್ಟರು. ಇನ್ನೇನು, ಕೂತು ಮಾಡುವ ಕೆಲಸ ಸಿಕ್ಕಿದ ಹಾಗೇ. ಚಿಕ್ಕಮ್ಮನ ಮುಖ ನೋಡಿದರೆ ಅದು ಇಷ್ಟಗಲ ಆಗಿತ್ತು, ಕೋಪದಿಂದ. ಸುಮ್ಮನಿರು ಮಾರಾಯ್ತಿ, ಎಂದು ಮನಸ್ಸಿನಲ್ಲೇ ಅಂಗಲಾಚಿದೆ.

“ಅದು ತಪ್ಪು,” ಎಂದೇಬಿಟ್ಟಳು ಚಿಕ್ಕಮ್ಮ. “ಬರೀ ಕಾಫಿಗೆ ಬಿಸಿನೀರು ಸರಿ. ಇದ್ರಲ್ಲಿ ಹಾಲಿದೆ. ಮೊದ್ಲು ತಣ್ಣೀರಲ್ಲಿ ಹಾಲು ಬಿಡಿಸ್ಬೇಕು, ಆಮೇಲೆ ಬಿಸಿ. ತಪ್ಪು ನಂದೇ ಸಾರ್. ಯಾವುದ್ರಲ್ಲಿ ಏನು ಬೆರೆತಿರುತ್ತೆ ಅಂತ ನಾನು ಹೇಳೇ ಇಲ್ಲ. ಕೈಗೆ ಗೊತ್ತಿತ್ತು, ಬಾಯಿಗೆ ಬರ್ಲಿಲ್ಲ.”

ಹುಡುಗಿ ಆ ಕಾಫಿಯಿಂದ ಹಾಲಿಗೆ ‘ಬೆರೆತಿದೆ’ ಎಂಬ ಹೊಸ ಗೆರೆ ಎಳೆದಳು. ಉತ್ತರ ಬದಲಾಯಿತು: ಮೊದಲು ತಣ್ಣೀರು, ಆಮೇಲೆ ಬಿಸಿ.

“ಇನ್ನೂ ಎಷ್ಟು ಗೆರೆ ಬಿಟ್ಟುಹೋಗಿದೆ?” ಎಂದರು ಮಾಲೀಕರು.

“ಗೊತ್ತಿಲ್ಲ. ಬಟ್ಟೆ ಬಂದ ಹಾಗೆ ಗೊತ್ತಾಗುತ್ತೆ,” ಎಂದಳು ಚಿಕ್ಕಮ್ಮ.

ಮುಗಿಯಿತು ಕಥೆ ಎಂದುಕೊಂಡೆ.

“ಹಾಗಾದ್ರೆ ನೀವು ಇದರ ಪಕ್ಕದಲ್ಲೇ ಕೂತಿರ್ಬೇಕು,” ಎಂದರು ಅವರು. “ನಾಳೆಯಿಂದ ತೊಟ್ಟಿ ಹತ್ರ ಬೇರೆಯವರು ನಿಲ್ತಾರೆ.”

ನನಗೆ ಅಳುವೇ ಬಂದುಬಿಟ್ಟಿತು. ಚಿಕ್ಕಮ್ಮ ಮಾತ್ರ ನನ್ನ ಕೈಯಿಂದ ಕೋಟನ್ನು ಕಿತ್ತುಕೊಂಡು, “ನಾಳೆಯಿಂದ ತಾನೇ? ಇವತ್ತು ಇದನ್ನ ನಾನೇ ಒಗೀತೀನಿ,” ಎಂದು ಹೊರಟೇಬಿಟ್ಟಳು.