ಗಾಡಿ ಬರುವ ತನಕ

ದಾಕ್ತರಬಾಯಿಯ ಎರಡೂ ಮೊಣಕಾಲು ಕಪ್ಪಗಿದ್ದವು. ಮೈಬಣ್ಣ ಗೋಧಿಯದು, ಮೊಣಕಾಲು ಮಾತ್ರ ಕರಿ. ಚರ್ಮ ದಪ್ಪಗಾಗಿ ಒಣಮೀನಿನ ತೊಗಲಿನ ಹಾಗೆ ಆಗಿತ್ತು. ದೋಣಿ ದಡಕ್ಕೆ ಬರುವಾಗ ಅವಳು ಪೈಜಾಮ ಮೇಲಕ್ಕೆ ಮಡಚಿ ನಮ್ಮ ಜೊತೆ ನೀರಿಗೆ ಇಳಿಯುತ್ತಿದ್ದಳು, ಆಗ ಕಂಡದ್ದು.

"ಎಂತಾ ಬಾಯಿ, ದೇವರಿಗೆ ಅಷ್ಟು ಮಂಡಿ ಊರ್ತ್ಯಾ?" ಎಂದು ಕೇಳಿದೆ.

"ದೇವರಿಗಲ್ರಿ ಅಮ್ಮಾ, ಹೆಣಕ್ಕ. ಹೆಣ ಆಗಬಾರದು ಅಂತ" ಎಂದಳು.

ವಯಸ್ಸಿನಲ್ಲಿ ಅವಳು ನನಗೆ ಮಗಳಿದ್ದ ಹಾಗೆ. ಅದಕ್ಕೇ ಅವಳು ಎಂದು ಬರೆಯುತ್ತೇನೆ, ಮರ್ಯಾದೆ ಕಡಿಮೆಯಾಗಿ ಅಲ್ಲ. ಹುಬ್ಬಳ್ಳಿ ಕಡೆಯವಳು, ಕೆಲಸ ಕಾರವಾರದಲ್ಲಿ. ಗಾಡಿ ಬಡಿದವರು, ಎದೆ ಹಿಡಿದುಕೊಂಡವರು, ನೀರಿನಲ್ಲಿ ಮುಳುಗಿದವರು, ಹೀಗೆ ನಿಂತ ಕಾಲಲ್ಲಿ ಸಾಯಲು ಹೊರಟವರನ್ನು ನೋಡುವ ಡಾಕ್ಟರು. ಅದರ ಮೇಲೆ ಇನ್ನೊಂದು ಹುಚ್ಚು ಇತ್ತು. ಆಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ಹೋದವರ ಮನೆ ಹುಡುಕಿಕೊಂಡು ಹೋಗುವುದು, ಅವರು ಹೇಗೆ ಸತ್ತರು ಎಂದು ಕೇಳುವುದು. ಹಾಗೆ ಕೇಳಿಕೊಂಡೇ ಹಾರವಾಡಕ್ಕೆ, ನಮ್ಮ ಮನೆಗೆ ಬಂದಳು.

ನನ್ನ ಗಂಡ ರಂಪಣಿ ಬಲೆ ಎಳೆಯುತ್ತಿದ್ದವ, ಎದೆ ಹಿಡಿದು ಮರಳಿನ ಮೇಲೆ ಕೂತ. ಮೀನಿನ ಟೆಂಪೋದಲ್ಲಿ ಹಾಕಿಕೊಂಡು ಹೋದೆವು. ಅಂಕೋಲೆಯಲ್ಲಿ ಕಾರವಾರಕ್ಕೆ ಒಯ್ಯಿರಿ ಅಂದರು, ಕಾರವಾರದಲ್ಲಿ ಗೋವಾಕ್ಕೆ ಒಯ್ಯಿರಿ ಅಂದರು. ಕಾಳಿ ಸೇತುವೆ ದಾಟಿ ಸದಾಶಿವಗಡದ ಅಂಗಡಿಗಳ ಎದುರಿಗೆ ಅವನ ಕೈ ತಣ್ಣಗಾಯಿತು. ನಾನು ಕಾಲು ಹಿಡಿದು ಕೂತಿದ್ದೆ. ಮತ್ತೆಂತ ಮಾಡಬೇಕು ಎಂದು ಯಾರೂ ಹೇಳಿರಲಿಲ್ಲ.

ಇವಳು ಜಗಲಿಯ ಮೇಲೆ ಕೂತು ಕೇಳಿದಳು. "ಮೊದಲ ಯಾರು ಅವರನ್ನ ಮುಟ್ಟಿದ್ರಿ? ಉಸಿರು ಇತ್ತೇನು? ಗಾಡಿ ಎಷ್ಟೊತ್ತಿಗೆ ಬಂತು?"

ನನಗೆ ಸಿಟ್ಟು ಬಂತು. "ಹೋದವ ಹೋದ. ಈಗ ಅದ ಕೇಳ್ಕಂಡು ನೀ ಎಂತಾ ಮಾಡ್ತೆ? ಎಬ್ಬಿಸಿ ಕೊಡ್ತ್ಯಾ?"

"ಇಲ್ರಿ."

"ಮತ್ತೆ ಎಂತಕ್ಕೆ?"

"ಮುಂದಿನವರ ಸಲುವಾಗಿ. ಮುಂದಿನವರು ಯಾರೋ ನಂಗೂ ಗೊತ್ತಿಲ್ಲ."

ಬೇರೆಯವರಾಗಿದ್ದರೆ ಸಮಾಧಾನ ಹೇಳುತ್ತಿದ್ದರು. ಇವಳು ಹೇಳಲಿಲ್ಲ. ಗಂಜಿ ಕೊಟ್ಟೆ, ಒಣ ಬಂಗಡೆ ಸುಟ್ಟು ಕೊಟ್ಟೆ, ಮುಳ್ಳು ಸಹ ಚೀಪಿ ಉಂಡಳು.

ಆಮೇಲೆ ಅವಳು ವಾರಕ್ಕೊಮ್ಮೆ ಬರತೊಡಗಿದಳು. ಮೀನು ಒಣಗಿಸುವ ಜಾಗದಲ್ಲಿ ಒಂದು ತಗಡಿನ ಮಾಡು ಇದೆ, ಅಲ್ಲಿ ಹೆಂಗಸರನ್ನು ಕೂಡಿಸಿ ಕಲಿಸುವುದು. ಕಲಿಸುವ ಗೊಂಬೆ ತರಿಸಿ ಕೊಡಿ ಎಂದು ಮೇಲಿನವರಿಗೆ ಕೇಳಿದ್ದಳಂತೆ, ಬರಲಿಲ್ಲ. ಗೋಣಿಚೀಲದಲ್ಲಿ ತೆಂಗಿನ ನಾರು ತುಂಬಿ, ನಡುವೆ ಒಂದು ಖಾಲಿ ಪ್ಲಾಸ್ಟಿಕ್ ಕ್ಯಾನು ಇಟ್ಟು ತಾನೇ ಹೊಲಿದಳು. ಸರಿಯಾಗಿ ಒತ್ತಿದರೆ ಕ್ಯಾನು ಟೊಪ್ ಅನ್ನಬೇಕು. ಟೊಪ್ ಅನ್ನದಿದ್ದರೆ ಒತ್ತಿದ್ದು ಸಾಲದು.

"ಬಾಯಿ, ಇವನಿಗೆ ಹೆಂಡ್ತಿ ಇದ್ದಾಳ್ಯಾ?" ಎಂದು ಒಬ್ಬಳು.

"ಇಲ್ದಿದ್ರೆ ನಂಗೆ ಕೊಡಿ. ನಮ್ಮನೆಯವ್ರಕಿಂತ ಅಡ್ಡಿಲ್ಲ, ಕುಡಿಯೂದಿಲ್ಲ" ಎಂದು ಇನ್ನೊಬ್ಬಳು.

ನಗುತ್ತಿದ್ದರು, ಒತ್ತುತ್ತಿದ್ದರು. ಎಷ್ಟು ಬೇಗ ಒತ್ತಬೇಕು ಎಂಬುದೇ ದೊಡ್ಡ ತಾಪತ್ರಯ. ಬಲೆ ಎಳೆಯುವಾಗ ಗಂಡಸರು ಐಸಾ ಐಸಾ ಅನ್ನುತ್ತಾರಲ್ಲ, ಅದರ ಹಾಗೆ ಒತ್ತಿಸಿ ನೋಡಿದಳು. "ಇಷ್ಟು ಸಾವಕಾಶ ಎಳದ್ರ ಮೀನು ಬರತಾವ, ಜೀವ ಬರಂಗಿಲ್ಲ" ಎಂದಳು. ಕಡೆಗೆ ಒಂದು ದಿನ ನಾವು ಒಣ ಸಿಗಡಿಯನ್ನು ಚೀಲಕ್ಕೆ ಹಾಕಿ, ಸಿಪ್ಪೆ ಬಿಡಲಿ ಎಂದು ಕೋಲಿನಿಂದ ಬಡಿಯುತ್ತಿದ್ದಾಗ ಎದ್ದು ನಿಂತು ಕೇಳಿದಳು. "ಇದ, ಇದ! ಹಿಂಗ ಬಡೀರಿ ಎದಿ!" ಎಂದು ಕುಣಿದಳು. ಅಂದಿನಿಂದ ಹೆಂಗಸರಿಗೆ ಬಂತು. ಗಂಡಸರಿಗೆ ಬರಲಿಲ್ಲ, ಅವರು ಸಿಗಡಿ ಬಡಿದವರಲ್ಲ.

ಗಂಡಸರ ಜೊತೆ ಅವಳ ಜಗಳ ಡ್ರಮ್ಮಿನದು. ನಮ್ಮಲ್ಲಿ ಮುಳುಗಿದವನನ್ನು ತಂದರೆ ಮೊದಲು ಖಾಲಿ ಡ್ರಮ್ಮಿನ ಮೇಲೆ ಕವುಚಿ ಹಾಕಿ ಹಿಂದೆ ಮುಂದೆ ಹೊರಳಿಸುತ್ತಾರೆ, ಹೊಟ್ಟೆಯ ನೀರು ಬರಲಿ ಎಂದು. ಅಜ್ಜಂದಿರ ಕಾಲದಲ್ಲಿ ಮಗುಚಿದ ದೋಣಿ, ಈಗ ಡ್ರಮ್ಮು.

"ನೀರು ತೆಗೀದೆ ಉಸಿರು ಹೆಂಗೆ ಹೋಗ್ತದೆ?" ಎಂದು ಹಿರಿಯರು ಕೇಳಿದರು.

"ಹೊಟ್ಟಿ ನೀರು ಹೊಟ್ಟ್ಯಾಗ ಇರಲಿ. ಮದಲ ಬಾಯಿಂದ ಉಸಿರು ಕೊಡ್ರಿ, ಆಮ್ಯಾಲೆ ಎದಿ ಒತ್ರಿ. ನೀವು ಹೊರಳಿಸೋ ಹೊತ್ತಿನ್ಯಾಗ ಅಂವ ಸಾಯ್ತಾನ್ರಿ. ಗಾಡಿ ಬರೋತನಕಾ ನೀವ ದವಾಖಾನಿ." ಈ ಕೊನೆಯ ಮಾತನ್ನು ಹತ್ತು ಸಲವಲ್ಲ, ನೂರು ಸಲ ಹೇಳಿರಬಹುದು. ಹಿರಿಯರು ಹೂಂ ಅಂದರು. ಡ್ರಮ್ಮು ಇದ್ದಲ್ಲೇ ಇತ್ತು.

ಕಲಿತವರಲ್ಲಿ ನನ್ನ ಸಣ್ಣ ಸೊಸೆಯ ಕೈ ಎಲ್ಲರಿಗಿಂತ ಗಟ್ಟಿ. ಒಂದು ದಿನ ದಾಕ್ತರಬಾಯಿ ಎಲ್ಲರನ್ನೂ ಕೇಳಿದಳು, "ನಿಮ್ಮ ಮನ್ಯಾಗ ನೀವು ಯಾರನ್ನ ಮುಟ್ಟಂಗಿಲ್ಲ?"

ಎಲ್ಲರೂ ನಕ್ಕರು. ಸಣ್ಣ ಸೊಸೆ ನಗಲಿಲ್ಲ. "ಭಾವನ್ನ" ಎಂದಳು. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನಿಗೆ ಕೈಯಿಂದ ಕೈಗೆ ನೀರೂ ಕೊಡುವುದಿಲ್ಲ, ನೆಲಕ್ಕೆ ಇಟ್ಟು ಸರಿಯುತ್ತಾಳೆ.

"ಭಾವ ಮುಳುಗಿದ್ರ?"

ದಾಕ್ತರಬಾಯಿ ನನ್ನ ಕಡೆ ತಿರುಗಿ ದೊಡ್ಡ ಮಗನ ಹಳೆಯ ಅಂಗಿ ಕೇಳಿದಳು. ಕೊಟ್ಟೆ. ಅದನ್ನು ಗೋಣಿಗೆ ತೊಡಿಸಿ, "ಇವ ನಿಮ್ಮ ಭಾವ. ಒತ್ತು" ಎಂದಳು. ಹುಡುಗಿಯ ಕೈ ಎರಡು ವಾರ ಆ ಅಂಗಿಯ ಮೇಲೆ ಇಳಿಯಲಿಲ್ಲ. ಆಮೇಲೆ ಇಳಿಯಿತು. ದೊಡ್ಡ ಮಗ ಬಂದು ನೋಡಿ, "ಏ ಬಾಯಿ, ನನ್ನ ಈಗ್ಲೇ ಮಲಗಿಸ್ಬಿಟ್ರಾ? ಮಳೆಗಾಲ ಆದ್ರೂ ಬರ್ಲಿ ತಡೀರಿ" ಎಂದು ಚೇಷ್ಟೆ ಮಾಡಿದ. ಅವನ ಹೆಂಡತಿಗೆ, ನನ್ನ ದೊಡ್ಡ ಸೊಸೆಗೆ, ಅದು ಹಿಡಿಸಲಿಲ್ಲ. ಇದ್ದವನ ಅಂಗಿ ಹೆಣಕ್ಕೆ ತೊಡಿಸುತ್ತಾರೆಯೇ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು. ಅವಳು ಒಂದು ದಿನವೂ ಕಲಿಯಲು ಬರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಿತ್ತು. ಸಣ್ಣ ಮಗ ಟ್ರಾಲರಿನ ಮೇಲೆ ಹೋಗಿದ್ದ. ದೊಡ್ಡವ ಬೆಳಿಗ್ಗೆ ನಾಡದೋಣಿಯಲ್ಲಿ ಹೋದವ ವಾಪಸು ಬರುವಾಗ ದಡದ ಅಲೆಗೆ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ಇವನ ಕಾಲಿಗೆ ಬಲೆ ಸುತ್ತಿತ್ತು. ಬಿಡಿಸಿ ತರುವಾಗ ಮುಖ ನೀಲಿ.

ಗಂಡಸರು ಡ್ರಮ್ಮು ತಂದರು. ಹೊರಳಿಸಿದರು. ನೀರು ಬಂತು, ನೊರೆ ಬಂತು. "ಬಂತು, ಬಂತು!" ಎಂದು ಕೂಗಿದರು. ಬಂದದ್ದು ನೀರು ಮಾತ್ರ. ನಾನು ಕಿರುಚಿದ್ದು ಯಾರ ಕಿವಿಗೂ ಬೀಳಲಿಲ್ಲ. ಸಣ್ಣ ಸೊಸೆ ಓಡಿ ಬಂದವಳು ಅವನಿಂದ ಮಾರು ದೂರದಲ್ಲಿ ನಿಂತುಬಿಟ್ಟಳು, ಸೆರಗು ಹಿಡಿದುಕೊಂಡು, ನನ್ನ ಮುಖ ನೋಡುತ್ತ.

"ಅದು ಭಾವ ಅಲ್ಲ, ಗೋಣಿ! ಒತ್ತೇ!" ಎಂದೆ.

ಬಂದಳು. ಡ್ರಮ್ಮಿನಿಂದ ಎಳೆದು ಅಂಗಾತ ಮಲಗಿಸಿದಳು. ಅವನ ಬಾಯಿಗೆ ಬಾಯಿ ಇಟ್ಟು ಉಸಿರು ಊದಿದಳು. ಗಂಡಸರು ಮುಖ ಆಚೆ ತಿರುಗಿಸಿದರು. ಆಮೇಲೆ ಸಿಗಡಿ ಬಡಿದ ಹಾಗೆ ಒತ್ತಿದಳು, ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು.

ದಾಕ್ತರಬಾಯಿ ಅಂದು ಪಕ್ಕದ ಅವರ್ಸೆಗೆ ಬಂದಿದ್ದಳು. ಯಾರೋ ಫೋನು ಮಾಡಿದರು, ರಿಕ್ಷಾ ಹಿಡಿದು ಬಂದಳು, ಮರಳಿನಲ್ಲಿ ಚಪ್ಪಲಿ ಬಿಟ್ಟು ಓಡಿದಳು. ಅಂಬುಲೆನ್ಸು ಆಮೇಲೆ ಬಂತು. ನಾನು, ದಾಕ್ತರಬಾಯಿ, ಸಣ್ಣ ಸೊಸೆ, ಮೂವರೂ ಅವನ ಜೊತೆ ಹತ್ತಿದೆವು. ಒಬ್ಬಳಿಗೆ ಸಾಕಾದರೆ ಇನ್ನೊಬ್ಬಳು, ಹೀಗೆ ಅವರಿಬ್ಬರೂ ಒತ್ತುತ್ತ ಹೋದರು. ಗಾಡಿ ತಿರುವಿನಲ್ಲಿ ವಾಲಿದಾಗ ನಾನು ದಾಕ್ತರಬಾಯಿಯ ಸೊಂಟ ಹಿಡಿದೆ. ಅರ್ಗಾ ಹತ್ತಿರ ಬರುವಾಗ ಅವಳು ಅವನ ಕುತ್ತಿಗೆ ಮುಟ್ಟಿ, "ಬಂತ್ರಿ ಅಮ್ಮಾ! ಐತಿ, ನಾಡಿ ಐತಿ!" ಎಂದಳು. ನಾನೂ ಬೆರಳು ಇಟ್ಟೆ. ಇತ್ತು. ಸಾಯುವ ಮೀನಿನ ಕಿವಿರು ಕಡೆಗೆ ಆಡುತ್ತದಲ್ಲ, ಅಷ್ಟು.

ಬಿಣಗಾ ದಾಟುವ ಮೊದಲು ಆ ನಾಡಿ ಹೋಯಿತು. ಗಾಡಿಯ ಆಕ್ಸಿಜನ್ ಸಿಲಿಂಡರಿನ ಗಾಳಿಯೂ ಮುಗಿದಿತ್ತು. ಅವಳು ಮತ್ತೆ ಮಂಡಿಯೂರಿದಳು. ಆಸ್ಪತ್ರೆ ಬಂತು, ಒಳಗೆ ಒಯ್ದರು, ಅಲ್ಲಿಯೂ ಅವಳೇ ಒತ್ತಿದಳು. ಉಳಿದವರು ಒಬ್ಬೊಬ್ಬರಾಗಿ ಹಿಂದೆ ಸರಿದು ನಿಂತರು. ಅವಳ ಬೆವರು ನನ್ನ ಮಗನ ಎದೆಯ ಮೇಲೆ ಬೀಳುತ್ತಿತ್ತು. ಅವನ ಮುಖ ನೋಡಿದೆ. ನಾನು ಹೆತ್ತವಳು, ನನಗೆ ಗೊತ್ತಾಯಿತು.

"ಸಾಕು ಬಾಯಿ. ಬಿಡು."

"ಇನ್ನೊಮ್ಮೆ, ಅಮ್ಮಾ. ಇನ್ನೊಂದ ಸಲ."

"ಬಿಡು ಮಾರಾಯ್ತಿ. ಅಂವ ಇಲ್ಲ."

ಅವಳ ಕೈಯನ್ನು ನಾನೇ ಎತ್ತಿ ತೆಗೆಯಬೇಕಾಯಿತು.

ಸೂತಕದ ಮನೆಗೆ ಬಂದಳು. ದೊಡ್ಡ ಸೊಸೆ ಎದ್ದು ನಿಂತು ಎಲ್ಲರೆದುರಿಗೆ, "ಇವಳೇ! ಇದ್ದವನ ಅಂಗಿ ಹೆಣಕ್ಕೆ ತೊಡಿಸ್ದವಳು! ಆ ಮುಂಡೆ ಬಾಯಿಗೆ ಬಾಯಿ ಇಟ್ಲು, ಹೋದ" ಎಂದು ಓರಗಿತ್ತಿಯನ್ನೂ ಸೇರಿಸಿ ಬೈದಳು. ಸಣ್ಣ ಸೊಸೆ ಮೂಲೆಯಲ್ಲಿ ಊಟ ಬಿಟ್ಟು ಕೂತಿದ್ದಳು. ದಾಕ್ತರಬಾಯಿ ಬೈಗಳನ್ನು ಪೂರಾ ಕೇಳಿದಳು. ಆಮೇಲೆ ಗಂಡಸರ ಕಡೆ ನೋಡಿ, "ಈಕಿ ಕೈ ಸರಿ ಇತ್ತು. ಈಕಿ ಕೈಗೆ ಅಂವ ತಡಾ ಸಿಕ್ಕ. ಡ್ರಮ್ಮಿನ ಮ್ಯಾಲೆ ಕಳದದ್ದು ಅವನ ಹೊತ್ತು" ಎಂದಳು. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಲಿಲ್ಲ. ಇನ್ನು ಊರಿಗೆ ಕಾಲಿಡಬೇಡ ಎಂದು ಗಂಡಸರು ಹೇಳಿದರು.

ಅವಳು ಕಾಲಿಟ್ಟಳು. ಪ್ರತಿ ವಾರ ಬಂದು ಆ ತಗಡಿನ ಮಾಡಿನಲ್ಲಿ ಒಬ್ಬಳೇ ಕೂತಿರುತ್ತಿದ್ದಳು. ಯಾರೂ ಹೋಗಲಿಲ್ಲ. ಸಣ್ಣ ಸೊಸೆಯನ್ನು ಅವಳ ಗಂಡ ಹೋಗಲು ಬಿಡಲಿಲ್ಲ. ನಾನು ಹೋಗಿ ಎದುರಿಗೆ ಕೂರುತ್ತಿದ್ದೆ.

"ಯಾರೂ ಬರೂದಿಲ್ಲ, ಹೋಗು" ಎಂದರೆ, "ಬರ್ಲಿಕ್ಕಿಲ್ರಿ. ಆದ್ರ ಬಂದಾಗ ನಾ ಇರಬೇಕಲ್ಲ" ಎನ್ನುತ್ತಿದ್ದಳು.

ದಾರಿಯಲ್ಲಿ ಸತ್ತವರ ಬಗ್ಗೆ ಅವಳು ಊರೂರು ಕೇಳಿ ಮೇಲಿನವರಿಗೆ ಬರೆದು ಕಳಿಸಿದ್ದಕ್ಕೂ ಉತ್ತರ ಬಂದಿರಲಿಲ್ಲ. ಒಂದು ದಿನ ಅದನ್ನು ಹೇಳಿ ಅತ್ತಳು. ನನ್ನ ಅಳು ಮುಗಿದಿತ್ತು.

ಒಂದು ವಾರ ಬರಲಿಲ್ಲ, ಮರು ವಾರವೂ ಇಲ್ಲ. ಕಾರವಾರದ ಮೀನು ಪೇಟೆಯಲ್ಲಿ ಒಬ್ಬಳು ನರ್ಸು ಹೇಳಿದಳು, ಹೊಟ್ಟೆಯಲ್ಲಿ ಗಡ್ಡೆಯಾಗಿ ಹುಬ್ಬಳ್ಳಿಗೆ ಹೋದವಳು ಅಲ್ಲೇ ತೀರಿಕೊಂಡಳು ಎಂದು. ನೋವು ಇಟ್ಟುಕೊಂಡೇ ನಮ್ಮಲ್ಲಿಗೆ ಬರುತ್ತಿದ್ದಳಂತೆ. ಬುಟ್ಟಿ ಇಳಿಸಿ ಅಲ್ಲೇ ಕೂತೆ. ಆ ದಿನ ಮೀನು ಮಾರಲಿಲ್ಲ.

ಮರು ಮಳೆಗಾಲದಲ್ಲಿ ಮತ್ತೊಂದು ದೋಣಿ ಮಗುಚಿತು. ಕೂಲಿಗೆ ಬಂದ ಸದಾಶಿವಗಡದ ಒಬ್ಬ ಮುಳುಗಿದ. ಗಂಡಸರು ಅದೇ ಡ್ರಮ್ಮು ಉರುಳಿಸಿಕೊಂಡು ಬಂದರು. ನನ್ನ ದೊಡ್ಡ ಸೊಸೆ ನಡುವೆ ನುಗ್ಗಿ ಅದನ್ನು ಒದ್ದಳು. ಓರಗಿತ್ತಿಯನ್ನು ರಟ್ಟೆ ಹಿಡಿದು ಎಳೆದು ತಂದು, "ಎಂತಾ ನೋಡ್ತೆ? ಒತ್ತು!" ಎಂದಳು. ವರ್ಷದಲ್ಲಿ ಅವಳು ಸಣ್ಣವಳಿಗೆ ಆಡಿದ ಮೊದಲ ಮಾತು ಅದು.

ಅವನು ಬದುಕಿದ. ವಾಂತಿ ಮಾಡಿಕೊಂಡು ಎದ್ದು ಕೂತು, ಚಾ ಕೇಳಿದ. ಊರೆಲ್ಲ ಸುತ್ತ ನಿಂತು ನೋಡಿತು. ದೊಡ್ಡ ಸೊಸೆಗೆ ಅವನು ಉಸಿರಾಡುವುದನ್ನು ನೋಡಲು ಆಗಲಿಲ್ಲ, ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಸಣ್ಣವಳು ಹೊರಗೆ ಬಾಗಿಲಿಗೆ ಆತು ಕೂತಳು. ಸಂಜೆ ಬಾಗಿಲು ತೆರೆಯಿತು. "ನಂಗೂ ಕಲಿಸು" ಎಂದು ದೊಡ್ಡವಳು ಹೇಳಿದ್ದು ಕೇಳಿಸಿತು.

ಕಲಿಸುವವಳು ಕಾರವಾರದಿಂದ ಬರಬೇಕಾಗಿಲ್ಲ ಈಗ. ಅವರಿಬ್ಬರೂ ಗೋಣಿಯನ್ನು ನಡುವೆ ಇಟ್ಟು ನೆಲಕ್ಕೆ ಮಂಡಿಯೂರಿದರು. ನಾನು ಲೆಕ್ಕ ಹಿಡಿಯಲು ಸಿಗಡಿ ಬಡಿಯುವ ಕೋಲು ತೆಗೆದುಕೊಂಡು ಹೊಸ್ತಿಲನ್ನು ಬಡಿಯುತ್ತ ಕೂತೆ.