ಸಂಗಿನ್ ಅಮಕ್‌ಗೆ ಬೇರೆ ಬಟ್ಟಲು

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ನಾಲ್ಕು ಜನರ ಊಟವನ್ನು ಒಬ್ಬನೇ ತಿಂದು ಮುಗಿಸಿದೆ. ಅಷ್ಟು ಹಸಿವಿತ್ತು ಎಂದರೆ ಸ್ವಲ್ಪ ಮರ್ಯಾದೆ ಉಳಿದೀತು. ಹಸಿವಿರಲಿಲ್ಲ, ಬುದ್ಧಿಯೂ ಇರಲಿಲ್ಲ.

ದುಶಾಂಬೆಯಲ್ಲಿ ಬಸ್ಸುಗಳು ತಿರುಗಿಕೊಳ್ಳುವ ಕಡೆ ನಮ್ಮದೊಂದು ಕಬ್ಬಿಣದ ಗೇಟು ಮಾಡುವ ಶೆಡ್ಡು. ಎದುರಿಗೆ ಓಯ್ನಿಸೋ ಖೋಲಾರ ಊಟದ ಅಂಗಡಿ. ಖೋಲಾ ಇಡೀ ಬೀದಿಗೆ ಚಿಕ್ಕಮ್ಮ. ಅವತ್ತು ಮಧ್ಯಾಹ್ನ ಮಿಕ್ಕವರೆಲ್ಲ ಕೈಗೆ ಹತ್ತಿದ ಗ್ರೀಸು ತೊಳೆಯಲು ಹಿತ್ತಲಿನ ನಲ್ಲಿಗೆ ಹೋದರು, ಅಲ್ಲಿ ಯಾರೋ ಗೇಟಿನ ಅಳತೆ ಹೇಳುತ್ತ ಅವರನ್ನು ಹಿಡಿದು ನಿಲ್ಲಿಸಿದರು. ನನ್ನ ಕೈಗೆ ಇನ್ನೂ ಗ್ರೀಸೇ ಹತ್ತಿರಲಿಲ್ಲ, ಹೋಗಿ ಕೂತೆ. ಖೋಲಾ ನನ್ನ ಮುಂದೆ ಒಂದು ಮರದ ಹರಿವಾಣ ತಂದಿಟ್ಟರು. ಅದರ ತುಂಬ ಕುರುತೋಬ್. ಪದರುರೊಟ್ಟಿಯ ಚೂರುಗಳ ಮೇಲೆ ಒಣಮೊಸರಿನ ಉಂಡೆ ಕರಗಿಸಿದ ಹುಳಿ, ಅದರ ಮೇಲೆ ಕಾಯಿಸಿದ ಅಗಸೆ ಎಣ್ಣೆ, ಈರುಳ್ಳಿ, ಸೌತೆಕಾಯಿ, ಸೊಪ್ಪು, ನಾಲ್ಕಾರು ಚೂರು ಮಾಂಸ.

ನಾನು ತಾಜಿಕನಾದರೂ ಬೆಳೆದದ್ದು ರಷ್ಯದಲ್ಲಿ. ಅಪ್ಪನಿಗೊಂದು ಪಾಳಿ, ಅಮ್ಮನಿಗೊಂದು ಪಾಳಿ, ನನಗೆ ಶಾಲೆ. ಮೂವರಿಗೂ ಮೂರು ಹೊತ್ತಿಗೆ ಮೂರು ತಟ್ಟೆ. ಮುಂದೆ ಇಟ್ಟದ್ದು ನನ್ನದೇ ಅನ್ನುವುದು ನನ್ನ ಲೆಕ್ಕ. ನಮ್ಮ ದೇಶದವರು ಎಷ್ಟು ತಿನ್ನುತ್ತಾರಪ್ಪ ಅಂದುಕೊಂಡೆ. ಮಿಗಿಸಿದರೆ ಮೊದಲ ದಿನವೇ ಅವಮಾನ ಎಂದು ಉಸಿರು ಕಟ್ಟುವವರೆಗೆ ತಿಂದೆ.

ಕೈ ಒರೆಸಿಕೊಳ್ಳುತ್ತ ಮೂವರು ಬಂದರು. ಶೆಡ್ಡಿನ ಯಜಮಾನ ಉಸ್ತೋ ಬೋಯ್‌ಮುರೋದ್ ನನ್ನ ಮುಖ ನೋಡಿದರು. ಗ್ರೈಂಡರ್ ಹಿಡಿಯುವ ಹುಕ್ಮತ್ ಬಗ್ಗಿ ಮೇಜಿನ ಕೆಳಗೆ ನೋಡಿದ. ಮೂರನೆಯವರು ಒಳಗೆ ಕೂಗಿ ಹೇಳಿದರು:

"ಖೋಲಾ, ಈ ಹರಿವಾಣ ತೂತು ಬಿದ್ದಿದೆ. ಸೋರದೇ ಇರೋದೊಂದು ತನ್ನಿ."

ಅವರೇ ಸಂಗಿನ್ ಅಮಕ್, ನಮ್ಮ ವೆಲ್ಡರು. ನನ್ನಪ್ಪನಿಗಿಂತ ಒಂದೆರಡು ವರ್ಷ ಚಿಕ್ಕವರು, ಅದಕ್ಕೇ ನನಗೂ ಹುಕ್ಮತ್‌ಗೂ ಅಮಕ್, ಅಂದರೆ ಚಿಕ್ಕಪ್ಪ. ಅಂತರ್ಯುದ್ಧದ ಕಾಲದಲ್ಲಿ ಕೂಲೋಬ್ ಕಡೆಯ ಹಳ್ಳಿಯಿಂದ ಒಂದು ಹಾಸಿಗೆ ಸುರುಳಿಯ ಜೊತೆ ಪಟ್ಟಣಕ್ಕೆ ಬಂದವರು, ಹಿಂತಿರುಗಿ ಹೋಗಲಿಲ್ಲ. ಕಬ್ಬಿಣದ ಸರಳು ಅವರ ಕೈಗೆ ಬಂದರೆ ದ್ರಾಕ್ಷಿ ಬಳ್ಳಿಯಾಗುತ್ತಿತ್ತು. ಊರಿನ ಅರ್ಧ ಶ್ರೀಮಂತರ ಗೇಟಿನ ಮೇಲೆ ಅವರ ದ್ರಾಕ್ಷಿ ಇದೆ. ಅವರ ಮನೆಗೆ ಮಾತ್ರ ಹಲಗೆಯ ಬಾಗಿಲು, ಅದೂ ಮುಚ್ಚುತ್ತಿರಲಿಲ್ಲ.

ಯಾರಾದರೂ ಮನೆಯಿಂದ ತಂದ ದಿನ ಶೆಡ್ಡಿನಲ್ಲೇ ಊಟ, ತಾರದ ದಿನ ಖೋಲಾರ ಅಂಗಡಿ. ಎಲ್ಲಿಯಾದರೂ ಹರಿವಾಣ ಒಂದೇ, ಚಹಾದ ಬಟ್ಟಲೂ ಒಂದೇ, ಅದು ಕೈಯಿಂದ ಕೈಗೆ ಸುತ್ತು ಬರುತ್ತದೆ. ಎಂಜಲು ಅಂತ ಮೂಗು ಮುರಿಯುವವನು ನಮ್ಮಲ್ಲಿ ಮನುಷ್ಯರ ಲೆಕ್ಕಕ್ಕಿಲ್ಲ. ಯಜಮಾನರು ಉಸ್ತೋ ಆದರೂ ರೊಟ್ಟಿ ಮುರಿದು ಹಂಚುವ ಕೈ ಅಮಕ್‌ರದ್ದು. ತಿನ್ನುತ್ತ ತಿನ್ನುತ್ತ ಅವರ ಬೆರಳು ಮಾಂಸದ ಚೂರನ್ನು ಯಾರದೋ ಕಡೆಗೆ ಸರಿಸಿಬಿಡುತ್ತಿತ್ತು. ಹೆಚ್ಚಾಗಿ ಹುಕ್ಮತ್‌ನ ಕಡೆಗೆ.

"ಇವತ್ತೂ ಹೆಂಡತಿ ಬೈದಳೇನೋ?"

"ನಿಮಗೆ ಯಾರು ಹೇಳಿದ್ದು, ಅಮಕ್?"

"ನಿನ್ನ ಅಂಗಿ ಹೇಳ್ತು. ಗುಂಡಿ ನೀನೇ ಹೊಲಕೊಂಡಿದೀಯ. ತಿನ್ನು."

ಆಮೇಲೊಂದು ಚಳಿಗಾಲ ಪೂರ್ತಿ ಅಮಕ್ ಕೆಮ್ಮಿದರು. ವೆಲ್ಡಿಂಗ್ ಹೊಗೆ ಅಂದರು, ನಾವೂ ಹೂಂ ಅಂದೆವು. ಬಾಯಿ ಒರೆಸಿಕೊಂಡ ಅಂಗಿತೋಳಿನಲ್ಲಿ ರಕ್ತ ಕಂಡ ಮೇಲೆ ಹೊಗೆ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಬೆಟ್ಟದ ಕಡೆಯ ಕ್ಷಯದ ಆಸ್ಪತ್ರೆಗೆ ಹೋದರು. ಬೇಸಿಗೆ ಕಳೆದು ದ್ರಾಕ್ಷಿ ಮುಗಿಯುವ ಹೊತ್ತಿಗೆ, ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗವಿರುವಷ್ಟು ಸೊರಗಿ, ತಿರುಗಿ ಬಂದರು. ಯಾರೂ ಕೇಳುವ ಮೊದಲೇ ತಾವಾಗಿ ಹೇಳಿದರು.

"ವಾಸಿಯಾಗಿದೆ. ಯಾರಿಗೂ ಅಂಟೋದಿಲ್ಲ ಅಂತ ಡಾಕ್ಟರು ಮೊಹರು ಹಾಕಿ ಕೊಟ್ಟಿದ್ದಾರೆ."

"ಒಳ್ಳೇದಾಯ್ತು, ಒಳ್ಳೇದಾಯ್ತು," ಅಂದರು ಉಸ್ತೋ. ಕೆಲಸ ಕೊಟ್ಟರು, ಮೊದಲಿನ ಕೂಲಿಯನ್ನೇ ಕೊಟ್ಟರು. ಅಪ್ಪಿಕೊಳ್ಳಲಿಲ್ಲ, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಅದೂ ನಮ್ಮಲ್ಲಿ ಮರ್ಯಾದೆಯೇ, ತಪ್ಪು ಹೇಳುವಂತಿಲ್ಲ.

ಮಧ್ಯಾಹ್ನ ಖೋಲಾ ಹರಿವಾಣ ತಂದರು. ಅದರ ಹಿಂದೆಯೇ ನೀಲಿ ಅಂಚಿನ ಒಂದು ಎನಾಮಲ್ ಬಟ್ಟಲು ತಂದು ಅಮಕ್‌ರ ಮುಂದೆ ಇಟ್ಟರು.

"ನಿನಗೆ ಈರುಳ್ಳಿ ಕಮ್ಮಿ ಹಾಕಿದೀನಿ ಸಂಗಿನ್. ಕೆಮ್ಮಿಗೆ ಒಳ್ಳೇದಲ್ಲ."

ಅಮಕ್ ಬಟ್ಟಲು ನೋಡಿದರು. "ಕೆಮ್ಮು ಹೋಯ್ತಲ್ಲ ಖೋಲಾ."

"ಹೋಗಿದ್ದು ತಿರುಗಿ ಬರಬಾರದು ನೋಡು."

ಅಮಕ್ ರೊಟ್ಟಿಗೆ ಕೈ ಚಾಚಿದರು. ಅಷ್ಟರಲ್ಲಿ ಹುಕ್ಮತ್ ಮುರಿದು ಹಂಚಿ ಆಗಿತ್ತು. ಚಾಚಿದ ಕೈಯನ್ನು ಸುಮ್ಮನೆ ಎಳೆದುಕೊಳ್ಳಲಾಗದೆ ಅವರು ಉಪ್ಪು ತೆಗೆದುಕೊಂಡರು. ಮೊದಲೇ ಉಪ್ಪುಪ್ಪಾಗಿರುವ ಕುರುತೋಬ್‌ಗೆ ಉಪ್ಪು ಹಾಕಿಕೊಳ್ಳುವವರನ್ನು ನಾನು ಅವತ್ತೇ ನೋಡಿದ್ದು.

ಆ ವಾರವೇ ಅವರು ಮನೆಯಿಂದ ಕುಂಬಳಕಾಯಿ ಮಂತು ತಂದರು. ಹೆಂಡತಿ ಸಾವ್ರಿ ಬೆಳಿಗ್ಗೆ ಎದ್ದು ಹಿಟ್ಟು ಲಟ್ಟಿಸಿ, ಮಡಿಸಿ, ಆವಿಯಲ್ಲಿ ಬೇಯಿಸಿ, ಟವಲಿನಲ್ಲಿ ಸುತ್ತಿ ಕಳಿಸಿದ್ದರು. ಪಾತ್ರೆ ತೆರೆದಾಗ ಇನ್ನೂ ಹಬೆಯಾಡುತ್ತಿತ್ತು. ಉಸ್ತೋಗೆ ಹೊಟ್ಟೆನೋವು. ಹುಕ್ಮತ್‌ಗೆ ಹಲ್ಲುನೋವು. ನನ್ನ ಸರದಿ ಬರುವಷ್ಟರಲ್ಲಿ ನಂಬುವಂಥ ನೋವುಗಳೆಲ್ಲ ಮುಗಿದಿದ್ದವು.

"ನನಗೆ ಉಪವಾಸ, ಅಮಕ್," ಅಂದೆ. ಅದು ಉಪವಾಸದ ತಿಂಗಳಲ್ಲ. ಬೆಳಿಗ್ಗೆ ಅವರೆದುರಿಗೇ ಚಹಾಕ್ಕೆ ರೊಟ್ಟಿ ಅದ್ದಿ ತಿಂದಿದ್ದೆ.

"ಒಳ್ಳೇದು," ಅಂದರು. "ದೇವರು ಒಪ್ಪಿಕೊಳ್ಳಲಿ."

ಸಂಜೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವರು ಆ ತಣ್ಣಗಾದ ಮಂತುಗಳನ್ನು ಒಂದೊಂದಾಗಿ ನುಂಗುತ್ತಿದ್ದರು. ಮೂರನೆಯ ಬಸ್ಸನ್ನೂ ಬಿಟ್ಟರು.

"ಅಷ್ಟೂ ಯಾಕೆ ತಿಂತೀರ ಅಮಕ್, ಹೊಟ್ಟೆ ಕೆಡುತ್ತೆ."

"ಪಾತ್ರೆ ಖಾಲಿ ಹೋಗದೇ ಇದ್ರೆ ಸಾವ್ರಿ ಕೇಳ್ತಾಳೆ. ಅವಳಿಗೆ ಏನಂತ ಹೇಳಲಿ, ಊರಿಗೆಲ್ಲ ಉಪವಾಸ ಅಂತಲಾ?"

ಅವತ್ತು ರಾತ್ರಿ ನನಗೊಂದು ಉಪಾಯ ಹೊಳೆಯಿತು. ನನಗೆ ಹೊಳೆಯುವ ಉಪಾಯಗಳ ಬಗ್ಗೆ ನನ್ನ ತಾಯಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮರುದಿನ ಉಸ್ತೋಗೆ ಹೇಳಿದೆ: ಎಲ್ಲರಿಗೂ ಬೇರೆ ಬೇರೆ ತಟ್ಟೆ ಇಡಿಸೋಣ, ರಷ್ಯದ ಕ್ಯಾಂಟೀನಿನ ಹಾಗೆ. ಎಲ್ಲರದೂ ಬೇರೆಯಾದರೆ ಅಮಕ್‌ರದ್ದು ಮಾತ್ರ ಬೇರೆ ಅನ್ನಿಸುವುದಿಲ್ಲ. ನನ್ನ ಯಾವ ಮಾತಿಗೂ ತಲೆ ಆಡಿಸದ ಉಸ್ತೋ ತಕ್ಷಣ ಒಪ್ಪಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಾಲ್ಕು ತಟ್ಟೆ ಬಂದವು. ಸಣ್ಣ ತಟ್ಟೆಯಲ್ಲಿ ಕುರುತೋಬ್ ಬೇಗ ಆರುತ್ತದೆ, ರೊಟ್ಟಿ ಮೆತ್ತಗಾಗುತ್ತದೆ. ಅವರವರದು ಅವರವರಿಗೆ ಮುಗಿಯಿತು. ಹುಕ್ಮತ್ ಮೊದಲೇ ಮುಗಿಸಿ ಫೋನು ಹಿಡಿದು ಎದ್ದ. ಉಸ್ತೋ ಹರಿವಾಣದ ಅಭ್ಯಾಸಬಲದಿಂದ ಮಾಂಸದ ಚೂರೊಂದನ್ನು ನನ್ನ ಕಡೆ ಸರಿಸಲು ಹೋದರು. ಅದು ತಟ್ಟೆಯ ಅಂಚಿಗೆ ಬಂದು ನಿಂತಿತು. ಸ್ವಲ್ಪ ಹೊತ್ತು ಅದನ್ನೇ ನೋಡಿ ತಾವೇ ತಿಂದರು. ಗುಂಡಿ, ಹೆಂಡತಿ, ಬೈಗುಳ ಯಾವುದರ ಸುದ್ದಿಯೂ ಇಲ್ಲ.

"ಇದೇನಪ್ಪ, ಊಟಕ್ಕೆ ಕೂತಿದೀರೋ ಆಸ್ಪತ್ರೇಲಿ ಕೂತಿದೀರೋ?" ಅಂದರು ಖೋಲಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಒಳಗೆ ಹೋದರು.

ದಿನ ಕಳೆದಂತೆ ಹುಕ್ಮತ್ ಬೀದಿಯಲ್ಲಿ ಸಂಬೂಸಾ ಕೊಂಡು ನಿಂತುಕೊಂಡೇ ತಿನ್ನತೊಡಗಿದ. ಉಸ್ತೋ ಊಟಕ್ಕೆ ಮನೆಗೆ ಹೋಗತೊಡಗಿದರು. ಕೊನೆಗೆ ಆ ಮೇಜಿನಲ್ಲಿ ನಾನು ಮತ್ತು ಅಮಕ್ ಇಬ್ಬರೇ, ಎರಡು ತಟ್ಟೆ, ಎರಡು ಚಹಾ ಬಟ್ಟಲು.

"ಇದು ನಿನ್ನ ತಲೆಯಿಂದ ಬಂದದ್ದಾ?" ಅಮಕ್ ಕೇಳಿದರು.

"ಹೌದು."

"ಹಂಗನ್ಕೊಂಡೆ. ಉಸ್ತೋಗೆ ಇಷ್ಟು ಕೆಟ್ಟ ಯೋಚನೆ ಬರೋದಿಲ್ಲ."

ಅವರು ಎದ್ದು ಒಳಗೆ ಹೋಗಿ ಖೋಲಾ ಹತ್ತಿರ ಏನೋ ಮಾತಾಡಿ, ನೇರ ಶೆಡ್ಡಿಗೆ ನಡೆದರು. ಮರುದಿನ ಮಧ್ಯಾಹ್ನ, ಗೇಟೊಂದು ಬೇಗ ಮುಗಿಸಬೇಕು, ನೀವು ಮೂವರೂ ಖೋಲಾ ಹತ್ತಿರ ನಡೀರಿ ಅಂದರು. ನಾವು ಹೋದಾಗ ಮೇಜಿನ ಮೇಲೆ ಮರದ ಹರಿವಾಣ ಬಂದು ಕೂತಿತ್ತು.

"ಸಂಗಿನ್ ಇನ್ನು ಮೇಲೆ ಊಟಕ್ಕೆ ಬರೋದಿಲ್ಲವಂತೆ," ಅಂದರು ಖೋಲಾ, ಕೈಯನ್ನು ಅಂಗಿಯ ಅಂಚಿಗೆ ಒರೆಸುತ್ತ. "ತಟ್ಟೆ ತೆಗೆದು ಹರಿವಾಣ ಇಡಿ ಅಂದ."

ಉಸ್ತೋ ರೊಟ್ಟಿ ಮುರಿದರು. ಒಂದು ತುತ್ತು, ಎರಡು ತುತ್ತು. ಆಮೇಲೆ ಹುಕ್ಮತ್ ಅತ್ತೆಯ ಮೇಕೆ ತನ್ನ ಪಾಸ್‌ಪೋರ್ಟು ತಿಂದ ಕಥೆ ತೆಗೆದ. ಎಷ್ಟೋ ದಿನದಿಂದ ಆ ಕಥೆ ಅವನ ಹೊಟ್ಟೆಯಲ್ಲೇ ಕೊಳೆಯುತ್ತಿತ್ತು ಅಂತ ಕಾಣುತ್ತದೆ. ಉಸ್ತೋ ನಗುತ್ತ ಕೆಮ್ಮಿದರು, ನಾವು ಅವರ ಬೆನ್ನು ತಟ್ಟಿದೆವು. ಮಾಂಸದ ಚೂರೊಂದು ಸರಿದು ನನ್ನ ಕಡೆಗೆ ಬಂತು. ಊಟ ರುಚಿಯಾಗಿತ್ತು. ಅದನ್ನು ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ.

ಆಮೇಲೆ ದಿನವೂ ಹಾಗೇ. ಅಮಕ್ ಮನೆಯಿಂದ ಮಂತು ತರುವುದು ನಿಂತಿತು. ಚಳಿ ಶುರುವಾದಾಗ ಒಂದು ಮಧ್ಯಾಹ್ನ ನಾನು ಬೇಗ ತಿಂದು ಶೆಡ್ಡಿಗೆ ವಾಪಸು ಬಂದೆ. ಅರ್ಧ ಆದ ಗೇಟಿನ ಹಿಂದೆ, ಮೊಳಕಾಲ ಮೇಲೆ ಬಟ್ಟೆ ಹರಡಿಕೊಂಡು, ಅವರು ಬರೀ ರೊಟ್ಟಿ ತಿನ್ನುತ್ತ ಕೂತಿದ್ದರು. ಪಕ್ಕದಲ್ಲಿ ಫ್ಲಾಸ್ಕು, ಅದರ ಮುಚ್ಚಳದಲ್ಲಿ ಚಹಾ. ನಾನು ಎದುರಿನ ಡಬ್ಬದ ಮೇಲೆ ಕೂತೆ. ಅವರು ರೊಟ್ಟಿ ತಿನ್ನು ಅಂತ ಹೇಳಲಿಲ್ಲ. ಹಾಗೆ ಹೇಳದೆ ತಿನ್ನುವ ತಾಜಿಕನನ್ನು ನಾನು ಬೇರೆ ನೋಡಿಲ್ಲ.

"ಅಮಕ್, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಬೇಜಾರಾಗೋದನ್ನೇ ಕೇಳ್ತೀಯ. ಕೇಳು."

"ಆ ಕಾಯಿಲೆ ನಿಮ್ಮ ಬದಲು ನನಗೆ ಬಂದು, ವಾಸಿಯಾಗಿ ಬಂದಿದ್ರೆ, ನೀವು ನನ್ನ ಜೊತೆ ಒಂದೇ ಹರಿವಾಣದಲ್ಲಿ ತಿಂತಿದ್ರಾ?"

ಅವರು ಬಾಯಲ್ಲಿದ್ದುದನ್ನು ನುಂಗಿ, ಕೈಯಲ್ಲಿದ್ದ ರೊಟ್ಟಿಯ ಚೂರನ್ನು, ಬೋರಲಿಟ್ಟರೆ ಪಾಪವೆಂದು ನೋಡಿಕೊಂಡು, ಬಟ್ಟೆಯ ಮೇಲಿಟ್ಟರು.

"ಇಲ್ಲ," ಅಂದರು. "ನಮ್ಮಣ್ಣನೂ ವಾಸಿಯಾಗೇ ಬಂದಿದ್ದ. ಅವನ ಬಟ್ಟಲು ಬೇರೆ ಮಾಡಿದ್ದು ನಾನೇ."