ಬೈಲಪ್ಪನ ಪಿಸುಮಾತು

ನಮ್ಮ ದೊಡ್ಡಬಳ್ಳಾಪುರದ ಬೈಲಪ್ಪನಿಗೆ ನರದ ಕಾಯಿಲೆ ಇದೆ ಎಂದು ಮೊದಲು ಹೇಳಿದವರು ಒಬ್ಬ ಡಾಕ್ಟರು. ಮಗ್ಗದ ಸದ್ದು ತಲುಪದಷ್ಟು ದೂರದಲ್ಲಿ ಅವರ ಕ್ಲಿನಿಕ್ಕು. ಬೈಲಪ್ಪನ ಕೈ ನಡುಗುವುದನ್ನೂ, ಕೂತಲ್ಲೇ ಕಾಲು ಕುಣಿಯುವುದನ್ನೂ, ಎದುರಿಗಿದ್ದವರ ಜೊತೆ ಕೆರೆಯಾಚೆಯವರನ್ನು ಕರೆಯುವ ಹಾಗೆ ಮಾತಾಡುವುದನ್ನೂ ನೋಡಿ, ಗದ್ದಲವಿಲ್ಲದ ಕಡೆ ಆರು ತಿಂಗಳು ಇರಬೇಕು ಎಂದು ಚೀಟಿ ಬರೆದರು. ಈ ಔಷಧ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಮಾತ್ರ ಬರೆಯಲಿಲ್ಲ.

ಬೈಲಪ್ಪ ಹುಟ್ಟಾ ಹೀಗಿದ್ದವನಲ್ಲ. ಹೊಸಕೋಟೆ ಕಡೆಯ ಹಳ್ಳಿಯಲ್ಲಿ ಉಳುವಾಗ ಅವನ ದನಿ ಎತ್ತುಗಳಿಗೇ ಕೇಳುತ್ತಿರಲಿಲ್ಲವಂತೆ. ಅವು ತಮಗೆ ತೋಚಿದಾಗ ತಿರುಗುತ್ತಿದ್ದವು. ೧೯೬೨ರಲ್ಲಿ ಹೆಂಡತಿ ಅನುಸೂಯಮ್ಮ ಮತ್ತು ಎಂಟು ವರ್ಷದ ಮಗಳು ಮುನಿರತ್ನಮ್ಮನ ಜೊತೆ ಇಲ್ಲಿಗೆ ಬಂದು ಕರೆಂಟ್ ಮಗ್ಗ ಹಿಡಿದ. ಮಗ್ಗದ ಹಜಾರಕ್ಕೆ ಅಂಟಿಕೊಂಡ ಎರಡು ಕೋಣೆಯಲ್ಲಿ ಸಂಸಾರ. ಹಗಲೂ ರಾತ್ರಿ ಗೋಡೆಯಾಚೆ ಎಂಟು ಮಗ್ಗಗಳ ಲಾಳಿ ಅತ್ತಿಂದಿತ್ತ ಹೊಡೆಯುತ್ತಿತ್ತು. ಆ ಅದುರಿಗೆ ಅಟ್ಟಣಿಗೆಯ ಮೇಲಿನ ತಪ್ಪಲೆಗಳು ದಿನಕ್ಕೆ ನಾಲ್ಕು ಬೆರಳು ಮುಂದೆ ನಡೆದು ಬರುತ್ತಿದ್ದವು, ಅನುಸೂಯಮ್ಮ ಸಂಜೆ ಅವನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಮನುಷ್ಯನೊಳಗಿನ ನರಗಳು ದಿನಕ್ಕೆ ಎಷ್ಟು ಬೆರಳು ಸರಿದವು ಎಂದು ಅಳೆಯಲು ಯಾವ ಸರ್ಕಾರಿ ಇನ್‌ಸ್ಪೆಕ್ಟರೂ ಬರಲಿಲ್ಲ. ಮಾಲೀಕರು ಮಾತ್ರ ಊರಾಚೆ ಮನೆ ಕಟ್ಟಿಕೊಂಡಿದ್ದರು. ಅವರಿಗೆ ಸದ್ದು ಆಗಿಬರುವುದಿಲ್ಲವಂತೆ. ಬೈಲಪ್ಪನಿಗೆ ಆಗಿಬರುತ್ತದೆ ಎಂದು ಇವರಿಗೆ ಹೇಳಿದವರು ಯಾರೋ!

ಆ ಬೀದಿಯ ಎಳೆಗೂಸುಗಳು ಮಗ್ಗ ಓಡುವಾಗ ಮಲಗುತ್ತಿದ್ದವು, ನಿಂತರೆ ಎದ್ದು ಅಳುತ್ತಿದ್ದವು. ದೊಡ್ಡವರೂ ಹಾಗೆಯೇ, ಅಳುತ್ತಿರಲಿಲ್ಲ ಅಷ್ಟೆ.

೧೯೭೩ರಲ್ಲಿ ಮುನಿರತ್ನಮ್ಮನಿಗೆ ಹತ್ತೊಂಬತ್ತಾಯಿತು. ಮೊದಲ ಸಲ ನೋಡಲು ಬಂದವರು ಮಗ್ಗದ ಸದ್ದಿನಲ್ಲಿ ಕೇಳಿಸದೆ ಹುಡುಗಿಯ ಹೆಸರನ್ನು ಮೂರು ಸಲ ಕೇಳಿದರು. ಮೂರನೆಯ ಸಲ ಬೈಲಪ್ಪ ತನ್ನ ಸಹಜ ದನಿಯಲ್ಲಿ ಹೇಳಿದ. ಅವರು ಬೈದನೆಂದು ಎದ್ದು ಹೋದರು. ಹೋದವರು ಸುಮ್ಮನಿರದೆ, ಆ ಮನೆಗೆ ನರದ ರೋಗ ಅಂಟಿದೆ, ಮೊಮ್ಮಕ್ಕಳಿಗೂ ಬರುತ್ತದೆ ಎಂದು ಮೂರು ಹೋಬಳಿಗೆ ಸಾರಿದರು. ಆಮೇಲೆ ಒಂದು ವರ್ಷ ಯಾರೂ ಈ ಕಡೆ ತಲೆ ಹಾಕಲಿಲ್ಲ. ಕೊನೆಗೆ ಅನುಗೊಂಡನಹಳ್ಳಿಯ ಬೇಸಾಯಗಾರ ಮುನಿವೆಂಕಟಪ್ಪ ತನ್ನ ಹೆಂಡತಿ ಅಂಜಿನಮ್ಮ, ಮಗ ಅಪ್ಪಯ್ಯಣ್ಣನ ಜೊತೆ ಬರಲು ಒಪ್ಪಿದ. ಇದೂ ತಪ್ಪಿದರೆ ಹುಡುಗಿಗೆ ಬೇರೆ ಗತಿಯಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಉಪಾಯ ಅನುಸೂಯಮ್ಮನದು. ಆ ವರ್ಷ ನಮ್ಮ ಬೀದಿಗೆ ಪ್ರತಿ ಗುರುವಾರ ಬೆಳಗ್ಗೆಯಿಂದ ನಾಲ್ಕು ಗಂಟೆಯವರೆಗೆ ಕರೆಂಟ್ ಕಡಿತ. ಮಗ್ಗ ನಿಂತಿರುತ್ತದೆ, ಗುರುವಾರವೇ ಬರಲಿ ಎಂದಳು. ಪಕ್ಕದ ಮನೆಯ ಪಾಪಕ್ಕನಿಂದ ಸ್ಟೀಲ್ ಲೋಟವನ್ನೂ ಒಂದು ಕುರ್ಚಿಯನ್ನೂ ಕೇಳಿ ತಂದಳು. ಗಂಡನಿಗೆ ಬಾಯಿ ಬಿಗಿಹಿಡಿಯಲು ಹೇಳಿದಳು.

ಬಸ್ಸು ತಡವಾಗಿ ಅವರು ಬಂದಾಗ ಮೂರೂವರೆ. ಬೀದಿ ಮೌನ. ಮುನಿವೆಂಕಟಪ್ಪ ದಪ್ಪ ಆಳು, ದನಿ ಮಾತ್ರ ತೆಳು. ಕುರ್ಚಿಯಲ್ಲಿ ಕೂತು ಮಳೆ ಬೆಳೆಯ ಮಾತು ಮೆಲ್ಲಗೆ ತೆಗೆದ. ಬೈಲಪ್ಪನಿಗೆ ಒಂದಕ್ಷರ ಕೇಳಿಸಲಿಲ್ಲ. ತಲೆಯಾಡಿಸಿದ. ಅವನ ಕಾಲು ಮಾತ್ರ ನಿಂತ ಮಗ್ಗಕ್ಕೂ ತಾಳ ಹಾಕುತ್ತಿತ್ತು, ಕೈ ಆಗಾಗ ಕಡಿಯದ ಎಳೆಯನ್ನು ಹಿಡಿಯಲು ಗಾಳಿಗೆ ಹಾರುತ್ತಿತ್ತು. ಅಂಜಿನಮ್ಮ ಗಂಡನ ಮುಖ ನೋಡಿದಳು. ಗಂಡ ಚಪ್ಪಲಿಯ ಕಡೆ ನೋಡಿದ.

ಅನುಸೂಯಮ್ಮನ ಲೆಕ್ಕ ತಪ್ಪಿದ್ದು ಇಲ್ಲಿ. ಕರೆಂಟ್ ಕಡಿತ ಮಗ್ಗಕ್ಕೆ, ಬೀದಿಯ ಗಂಟಲಿಗಲ್ಲ. ಪಕ್ಕದ ಮನೆಯಲ್ಲಿ ಪಾಪಕ್ಕ ಗಂಡನ ಜೊತೆ ಗುಟ್ಟು ಮಾತಾಡತೊಡಗಿದಳು. ಮಾತೆಲ್ಲ ಹೊಸ್ತಿಲು ದಾಟಿ ಬಂದು ಚಾಪೆಯ ಮೇಲೆ ಕೂತಿತು.

"ಲೋಟ ಕೊಟ್ಟಿದ್ದು ಸರಿ. ಆ ಕುರ್ಚಿ ಯಾಕ್ ಕೊಟ್ಟೆ ಅಂತ ಈಗ ಅನ್ನಿಸ್ತೈತೆ. ಹಿಂದಿನ ಕಾಲು ಬರೀ ಗೋಂದಲ್ಲಿ ನಿಂತೈತೆ ಕಣ್ರೀ."

ಮುನಿವೆಂಕಟಪ್ಪ ಬಹಳ ನಿಧಾನವಾಗಿ, ಮೊಟ್ಟೆಯ ಮೇಲಿಂದ ಏಳುವ ಕೋಳಿಯ ಹಾಗೆ ಎದ್ದು, ನೆಲದ ಮೇಲೆ ಕೂತ.

ಅಷ್ಟರಲ್ಲಿ ಎದುರು ಮನೆಯವನು ತನ್ನ ಭೇದಿಯ ವಿಚಾರವನ್ನು ಹೆಂಡತಿಗೆ ವಿವರವಾಗಿ ತಿಳಿಸತೊಡಗಿದ. ಅಪ್ಪಯ್ಯಣ್ಣ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ಇನ್ನು ತಡೆಯಲಾರದೆ ಬೈಲಪ್ಪ ಹೆಂಡತಿ ಮಗಳನ್ನು ಅಡುಗೆಮನೆಗೆ ಕರೆದು, ಬಾಗಿಲು ಹಾಕಿಕೊಂಡು, ಪಿಸುಗುಟ್ಟಿದ. ಹನ್ನೆರಡು ವರ್ಷ ಎಂಟು ಮಗ್ಗಗಳ ಪಕ್ಕ ಕಲಿತ ಪಿಸುಮಾತು ಅದು.

"ಹುಡುಗ ಚೆನ್ನಾಗವ್ನೆ. ಅಪ್ಪನ್ ಬಾಯಲ್ಲಿ ಮಾತೇ ಇಲ್ಲ, ಕಾಯಿಲೆ ಗೀಯಿಲೆ ಐತೋ ಏನೋ."

"ಮೆಲ್ಲಗೆ ಮಾತಾಡ್ರೀ, ಕೇಳುಸ್ಬಿಟ್ಟಾತು," ಎಂದು ಅನುಸೂಯಮ್ಮ ಅದಕ್ಕಿಂತ ಜೋರಾಗಿ ಅಂದಳು.

"ಮೆಲ್ಲಗೇ ಹೇಳ್ತಾ ಇರೋದು. ಮಗಾ, ನೀನ್ ಹೇಳು. ಹನ್ನೆರಡು ದನ ಅವಂತೆ, ಸಗಣಿ ಬಾಚಿ ಸೊಂಟ ಬಿದ್ದೋಗ್ತದೆ. ನಿಂಗಿಷ್ಟ ಇಲ್ಲಾಂದ್ರೆ ಬ್ಯಾಡ. ಕಾಫಿ ಕೊಟ್ಟು ಕಳುಸ್ಬಿಡಾನ. ಜನ ಏನಾರ ಅನ್ಕೊಳ್ಳಿ."

ಬೀದಿ ಗಪ್ಪಾಯಿತು. ಎದುರು ಮನೆಯವನೂ ಭೇದಿ ನಿಲ್ಲಿಸಿ ಕಿವಿಗೊಟ್ಟ. ಮುನಿರತ್ನಮ್ಮನೂ ನಾಚಿ, ದನಿ ತಗ್ಗಿಸಿ, ನಾಲ್ಕು ಮನೆಗೆ ಮಾತ್ರ ಕೇಳುವಂತೆ ಹೇಳಿದಳು.

"ನಂಗಿಷ್ಟ ಐತಪ್ಪ. ಉಪ್ಪಿಟ್ಟಲ್ಲಿ ಕಲ್ಲು ಸಿಕ್ಕಿದ್ರೂ ಅವ್ರು ಉಗೀಲಿಲ್ಲ. ನುಂಗುದ್ರು. ನಾನು ಬಾಗಿಲ ಸಂದೀಲಿ ನೋಡ್ದೆ."

"ಇಷ್ಟ ಐತಂತೆ ಕಣ್ರೀ," ಎಂದು ಪಾಪಕ್ಕ ಗಂಡನಿಗೆ ವರದಿ ಒಪ್ಪಿಸಿದಳು.

ಅಪ್ಪಯ್ಯಣ್ಣನ ಕಿವಿ ಕೆಂಪಾಯಿತು. ಅಂಜಿನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಮುನಿವೆಂಕಟಪ್ಪ ಅವಳ ಕಿವಿಯಲ್ಲಿ ನರದ ರೋಗದ ಮಾತು ನೆನಪಿಸಿದ. ಅವಳು ಅವನ ಕೈ ಸರಿಸಿದಳು.

"ರೋಗ ಎಲ್ ಬಂತು ಬಿಡಿ. ಒಂದು ಮನೆಗ್ ಬಂದ್ರೆ ಕಾಯಿಲೆ. ಬೀದಿಗೆಲ್ಲ ಬಂದ್ರೆ ಅದು ಕಸುಬು. ಗುಟ್ಟು ಇಟ್ಕಳಕ್ಕೇ ಬರದಿರೋ ಮನೆ ಇದು, ಸುಳ್ಳೆಲ್ ಹೇಳ್ತಾರೆ? ಈ ಹುಡುಗೀನೇ ಆಗ್ಲಿ."

ಡಾಕ್ಟರಿಗೆ ತೋಚದ್ದು, ತೋಚಬೇಕಾದ ಮಾಲೀಕರಿಗೆ ತೋಚದ್ದು, ಓದು ಬರಹವಿಲ್ಲದ ಈ ಹೆಂಗಸಿಗೆ ಅರ್ಧ ಗಂಟೆಯಲ್ಲಿ ತೋಚಿತ್ತು.

ಬೈಲಪ್ಪ ಹೊರಗೆ ಬಂದ. ಗಂಡಿನ ತಂದೆಯ ಬಾಯಿಂದ ಮಾತು ಬರುವವರೆಗೆ ಅದು ಮಾತಲ್ಲ. ಮುನಿವೆಂಕಟಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾಲ್ಕು ಹೊಡೆಯಿತು, ಕರೆಂಟ್ ಬಂತು, ಎಂಟು ಮಗ್ಗಗಳೂ ಒಟ್ಟಿಗೆ ಎದ್ದವು. ಗೋಡೆ ಅದುರಿತು. ಬೈಲಪ್ಪನ ಕಾಲು ತಾನಾಗಿ ನಿಂತಿತು, ಕೈಯೂ ತೆಪ್ಪಗಾಯಿತು. ಮುನಿವೆಂಕಟಪ್ಪನ ಮೊಣಕಾಲು ನಡುಗತೊಡಗಿತು.

ಅವನು ಏನೋ ಹೇಳಿದ. ಯಾರಿಗೂ ಕೇಳಲಿಲ್ಲ. ಮತ್ತೆ ಹೇಳಿದ. ಬೈಲಪ್ಪ ಕೈಯನ್ನು ಕಿವಿಗೆ ಹಿಡಿದು ಹತ್ತಿರ ಸರಿದ. ಕೊನೆಗೆ ಆ ಸಾಧು ಮನುಷ್ಯ ಎದ್ದು ನಿಂತು, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಐವತ್ತು ವರ್ಷದಲ್ಲಿ ಎಂದೂ ಎತ್ತದ ದನಿ ಎತ್ತಿದ.

"ಒಪ್ಪಿಗೆ ಕಣಯ್ಯಾ!"

ಬೈಲಪ್ಪ ಅವನ ಎರಡೂ ಕೈ ಹಿಡಿದುಕೊಂಡ.

"ಹಿಂಗೆ ಸಮಾಧಾನವಾಗಿ ಹೇಳುದ್ರೆ ಕೇಳ್ತದೆ ನೋಡಿ," ಎಂದ.